ಲಿನಕ್ಸ್ ಮೇಲ್ ಸರ್ವರಿನಲ್ಲಿ ಆಟೊ ರಿಪ್ಲೈ ಹೋಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಣ್ಣ, ಮಧ್ಯಮ ಆಫೀಸುಗಳಲ್ಲಿ ಸ್ವಂತ ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಈ ಪುಟ. ಆಯುಧಪೂಜೆ, ರಾಜ್ಯೋತ್ಸವ, ಸಂಕ್ರಾಂತಿ ಅಂತ ಆಫೀಸಿಗೆ ಬೀಗ ಬೀಳುವ ವಾರಗಳಲ್ಲೇ ಇಲ್ಲಿನ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಪೋಸ್ಟ್‌ಫಿಕ್ಸ್ ಮೇಲ್ ಸ್ವೀಕರಿಸುತ್ತದೆ, ಡವ್‌ಕಾಟ್ ಅದನ್ನು ಮೇಲ್‌ಬಾಕ್ಸಿಗೆ ಹಾಕುತ್ತದೆ, ಡವ್‌ಕಾಟಿನ ಪಿಜನ್‌ಹೋಲ್ ಪ್ಲಗಿನ್ ಸೀವ್ ಸ್ಕ್ರಿಪ್ಟ್ (ಬಂದ ಮೇಲನ್ನು ಏನು ಮಾಡಬೇಕು ಎಂದು ಹೇಳುವ ನಿಯಮಗಳ ಫೈಲ್) ಓಡಿಸುತ್ತದೆ ಎಂದಿಟ್ಟುಕೊಂಡು ಬರೆದಿದೆ. ಡವ್‌ಕಾಟ್ 2.3ರ ಸೆಟ್ಟಿಂಗ್ ಹೆಸರುಗಳನ್ನೇ ಬಳಸಿದೆ, 2.4ಕ್ಕೆ ಹೋದವರಿಗೆ ಕೆಳಗೆ ಬೇರೆ ಪ್ರಶ್ನೆ ಇದೆ. ಕಮಾಂಡ್ ಮತ್ತು ಸೆಟ್ಟಿಂಗುಗಳ ಹೆಸರು ಇಲ್ಲಿ ಕನ್ನಡ ಲಿಪಿಯಲ್ಲಿವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಹೊಡೆಯಬೇಕು.

ರಜೆ ಸಂದೇಶ ಹಾಕಿದ್ದೀವಿ, ಯಾರಿಗೂ ಉತ್ತರ ಹೋಗ್ತಿಲ್ಲ. ಎಲ್ಲಿಂದ ಶುರು ಮಾಡೋದು?

ಲಾಗಿನಿಂದ. ಸೆಟ್ಟಿಂಗ್ ಬದಲಾಯಿಸುವುದು ಆಮೇಲೆ. ಡೆಬಿಯನ್, ಉಬುಂಟುವಿನಲ್ಲಿ ವಾರ್ ಫೋಲ್ಡರಿನ ಲಾಗ್ ಒಳಗೆ ಮೇಲ್.ಲಾಗ್ ಇರುತ್ತದೆ, ಆಲ್ಮಾ, ರಾಕಿ ಲಿನಕ್ಸಿನಲ್ಲಿ ಅದರ ಹೆಸರು ಮೇಲ್‌ಲಾಗ್. ಡೆಬಿಯನ್ 12ರಿಂದ ಈ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಹಾಗಾಗಿ ಫೈಲೇ ಇಲ್ಲದಿದ್ದರೆ ಗಾಬರಿ ಬೇಡ, ಸಿಸ್ಟಮ್ ಲಾಗ್ ತೋರಿಸುವ ಕಮಾಂಡ್ ಆದ ಜರ್ನಲ್‌ಸಿಟಿಎಲ್‌ನಲ್ಲಿ ನೋಡಿ.

ಹೊರಗಿನ ಒಂದು ವಿಳಾಸದಿಂದ ಒಂದೇ ಒಂದು ಮೇಲ್ ಕಳಿಸಿ, ಅದರ ಜಾಡು ಹಿಡಿಯಿರಿ. ಮೂರು ಪ್ರಶ್ನೆಗೆ ಉತ್ತರ ಬೇಕು. ಮೇಲ್ ಡವ್‌ಕಾಟ್ ಕೈಗೆ ಬಂತೇ? ಸೀವ್ ಸ್ಕ್ರಿಪ್ಟ್ ಓಡಿ ಏನು ತೀರ್ಮಾನ ಮಾಡಿತು? ಉತ್ತರ ತಯಾರಾಗಿದ್ದರೆ ಅದು ಸರ್ವರ್ ಬಿಟ್ಟು ಹೊರಗೆ ಹೋಯಿತೇ? ತೊಂದರೆ ಈ ಮೂರರಲ್ಲಿ ಒಂದೇ ಕಡೆ ಇರುತ್ತದೆ, ಪ್ರತಿಯೊಂದಕ್ಕೂ ಲಾಗಿನಲ್ಲಿ ಬೇರೆ ಬೇರೆ ಗುರುತು ಇದೆ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಆಟೊ ರಿಪ್ಲೈ ಎನ್ನುವುದು ಆದಷ್ಟೂ ಸುಮ್ಮನಿರಬೇಕು ಎಂಬ ನಿಯಮದ ಮೇಲೆ ಕಟ್ಟಿದ ವ್ಯವಸ್ಥೆ. ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳ ಪೈಕಿ 2004ರ ಆರ್‌ಎಫ್‌ಸಿ 3834, 2008ರ ಆರ್‌ಎಫ್‌ಸಿ 5230 ಎರಡರಲ್ಲೂ ಯಾವಾಗ ಉತ್ತರ ಕೊಡಬಾರದು ಎಂಬುದಕ್ಕೆ ಸಾಕಷ್ಟು ಜಾಗ ಕೊಟ್ಟಿದೆ. "ಕೆಲಸ ಮಾಡ್ತಿಲ್ಲ" ಎಂದು ಬರುವ ದೂರುಗಳಲ್ಲಿ ಬಹಳಷ್ಟು ಕಡೆ ಸರ್ವರ್ ನಿಯಮದ ಪ್ರಕಾರವೇ ಬಾಯಿ ಮುಚ್ಚಿಕೊಂಡಿರುತ್ತದೆ.

ಪೋಸ್ಟ್‌ಫಿಕ್ಸ್ ಲಾಗಿನಲ್ಲಿ "ಸೆಂಟ್" ಅಂತಿದೆ, ಸೀವ್ ಹೆಸರೇ ಎಲ್ಲೂ ಇಲ್ಲ. ಯಾಕೆ?

ಅದೇ ಸಾಲಿನಲ್ಲಿ "ರಿಲೇ=" ಮುಂದೆ ಏನಿದೆ ನೋಡಿ. "ಪ್ರೈವೇಟ್/ಡವ್‌ಕಾಟ್-ಎಲ್‌ಎಂಟಿಪಿ" ಎಂದಿದ್ದರೆ ಮೇಲ್ ಡವ್‌ಕಾಟಿಗೆ ಹೋಗಿದೆ (ಎಲ್‌ಎಂಟಿಪಿ ಅಂದರೆ ಒಂದು ಸರ್ವರ್ ಪ್ರೋಗ್ರಾಂ ಇನ್ನೊಂದಕ್ಕೆ ಮೇಲ್ ದಾಟಿಸುವ ವಿಧಾನ). "ವರ್ಚುವಲ್" ಅಥವಾ "ಲೋಕಲ್" ಎಂದಿದ್ದರೆ ಪೋಸ್ಟ್‌ಫಿಕ್ಸ್ ತಾನೇ ನೇರವಾಗಿ ಮೇಲ್‌ಬಾಕ್ಸಿಗೆ ಬರೆದು ಮುಗಿಸಿದೆ. ಆ ದಾರಿಯಲ್ಲಿ ಸೀವ್ ಬರುವುದೇ ಇಲ್ಲ. ಸ್ಕ್ರಿಪ್ಟನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ವರ್ಚುವಲ್ ಡೊಮೇನ್ (ಯೂಸರ್‌ಗಳಿಗೆ ಲಿನಕ್ಸ್ ಖಾತೆ ಇಲ್ಲದ್ದು) ಆದರೆ ಪೋಸ್ಟ್‌ಫಿಕ್ಸಿನ ಸೆಟ್ಟಿಂಗ್ ಫೈಲಾದ ಮೇನ್.ಸಿಎಫ್‌ನಲ್ಲಿ ವರ್ಚುವಲ್_ಟ್ರಾನ್ಸ್‌ಪೋರ್ಟ್ ಬೆಲೆಯನ್ನು "ಎಲ್‌ಎಂಟಿಪಿ:ಯುನಿಕ್ಸ್:ಪ್ರೈವೇಟ್/ಡವ್‌ಕಾಟ್-ಎಲ್‌ಎಂಟಿಪಿ" ಮಾಡಿ. ಸಿಸ್ಟಮ್ ಯೂಸರ್‌ಗಳಾದರೆ ಅದೇ ಬೆಲೆಯನ್ನು ಮೇಲ್‌ಬಾಕ್ಸ್_ಟ್ರಾನ್ಸ್‌ಪೋರ್ಟ್‌ಗೆ ಕೊಡಿ. ಡವ್‌ಕಾಟ್ ಕಡೆ ಸರ್ವಿಸ್ ಎಲ್‌ಎಂಟಿಪಿ ಒಳಗಿನ ಯುನಿಕ್ಸ್ ಲಿಸನರ್ ಪೋಸ್ಟ್‌ಫಿಕ್ಸ್ ಸ್ಪೂಲಿನ ಪ್ರೈವೇಟ್ ಫೋಲ್ಡರಿನಲ್ಲೇ ಇರಬೇಕು. ಮೋಡ್ 0600, ಯೂಸರ್ ಮತ್ತು ಗ್ರೂಪ್ ಎರಡೂ ಪೋಸ್ಟ್‌ಫಿಕ್ಸ್.

ಇಷ್ಟಾದರೂ ರಿಲೇ ಬದಲಾಗದಿದ್ದರೆ ಎರಡು ಕಡೆ ಹುಡುಕಿ. ಟ್ರಾನ್ಸ್‌ಪೋರ್ಟ್_ಮ್ಯಾಪ್ಸ್‌ನಲ್ಲಿ ಆ ಡೊಮೇನಿನ ಹಳೆಯ ಸಾಲು ಉಳಿದಿದ್ದರೆ ಅದರದ್ದೇ ಮೇಲುಗೈ. ಇನ್ನು ಒಂದೇ ಡೊಮೇನನ್ನು ಮೈಡೆಸ್ಟಿನೇಶನ್ ಮತ್ತು ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್ ಎರಡರಲ್ಲೂ ಬರೆದಿದ್ದರೆ ಪೋಸ್ಟ್‌ಫಿಕ್ಸ್ ಹಾಗೆ ಮಾಡಬೇಡಿ ಎಂದು ಲಾಗಿನಲ್ಲಿ ಎಚ್ಚರಿಸುತ್ತಲೇ ಇರುತ್ತದೆ. ಆ ಎಚ್ಚರಿಕೆಯನ್ನು ವರ್ಷಗಟ್ಟಲೆ ನೋಡಿಯೂ ನೋಡದಂತಿರುವ ಸರ್ವರ್‌ಗಳು ಬೇಕಾದಷ್ಟಿವೆ.

ರಿಲೇ ಸರಿಯಾಗಿದೆ, ಆದರೂ ಸ್ಕ್ರಿಪ್ಟ್ ಓಡಿದ ಕುರುಹು ಇಲ್ಲ.

ಪ್ರೋಟೋಕಾಲ್ ಎಲ್‌ಎಂಟಿಪಿ ಬ್ಲಾಕಿನ ಮೇಲ್_ಪ್ಲಗಿನ್ಸ್‌ನಲ್ಲಿ ಸೀವ್ ಸೇರಿದೆಯೇ? ಇದನ್ನು ಎಲ್‌ಡಿಎ (ಡವ್‌ಕಾಟಿನ ಇನ್ನೊಂದು ಡೆಲಿವರಿ ಪ್ರೋಗ್ರಾಂ) ಬ್ಲಾಕಿನಲ್ಲಿ ಹಾಕಿ, ಎಲ್‌ಎಂಟಿಪಿಯಲ್ಲಿ ಮರೆಯುವುದು ಸಾಮಾನ್ಯ. ಡೆಬಿಯನ್ನಿನಲ್ಲಿ ಡವ್‌ಕಾಟ್-ಸೀವ್ ಪ್ಯಾಕೇಜ್, ಆಲ್ಮಾ ಮತ್ತು ರಾಕಿಯಲ್ಲಿ ಡವ್‌ಕಾಟ್-ಪಿಜನ್‌ಹೋಲ್ ಪ್ಯಾಕೇಜ್ ಬೇಕು. ಡವ್‌ಕಾನ್ಫ್ -ಎನ್ ಹೊಡೆದರೆ ನಿಜವಾಗಿ ಜಾರಿಯಲ್ಲಿರುವ ಸೆಟ್ಟಿಂಗುಗಳಲ್ಲಿ ಮೂಲ ಬೆಲೆಯಿಂದ ಬದಲಾದವು ಮಾತ್ರ ಕಾಣುತ್ತವೆ. ಕಾನ್ಫ್.ಡಿ ಫೋಲ್ಡರಿನ ಫೈಲುಗಳನ್ನು ಒಂದೊಂದಾಗಿ ಓದುವ ಬದಲು ಇದನ್ನೇ ನಂಬಿ.

ಮುಂದೆ ಡವ್‌ಆಡಂ ಯೂಸರ್ ಕಮಾಂಡಿಗೆ ಆ ವಿಳಾಸ ಕೊಟ್ಟು ನೋಡಿ. ಉತ್ತರದಲ್ಲಿ ಹೋಮ್ (ಆ ಯೂಸರ್‌ನ ಸ್ವಂತ ಫೋಲ್ಡರ್) ಬರಬೇಕು. ವರ್ಚುವಲ್ ಯೂಸರ್‌ಗಳಿಗೆ ಮೇಲ್ ಇಡುವ ಜಾಗ ಕೊಟ್ಟು ಹೋಮ್ ಕೊಡದೇ ಬಿಟ್ಟಿದ್ದರೆ ಮೇಲೇನೋ ಚೆನ್ನಾಗಿಯೇ ಬರುತ್ತಿರುತ್ತದೆ, ಸೀವ್‌ಗೆ ಮಾತ್ರ ಸ್ಕ್ರಿಪ್ಟ್ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಯಾರಿಗೆ ಯಾವಾಗ ಉತ್ತರ ಕೊಟ್ಟೆವು ಎಂಬ ದಾಖಲೆಯೂ ಹೋಮಿನಲ್ಲೇ ಕೂರುವುದರಿಂದ ಅಲ್ಲಿ ಬರೆಯುವ ಅನುಮತಿಯೂ ಇರಬೇಕು.

ಹೋಮ್ ಸರಿಯಿದ್ದರೆ ಡವ್‌ಆಡಂ ಸೀವ್ ಲಿಸ್ಟ್ -ಯು ಎಂದು ವಿಳಾಸ ಕೊಡಿ. ಒಂದು ಸ್ಕ್ರಿಪ್ಟಿನ ಮುಂದೆ "ಆಕ್ಟಿವ್" ಎಂದಿರಬೇಕು. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಸ್ಕ್ರಿಪ್ಟ್ ಆಕ್ಟಿವ್. ರೌಂಡ್‌ಕ್ಯೂಬ್ ವೆಬ್‌ಮೇಲಿನಲ್ಲಿ ರಜೆ ಸಂದೇಶ ಹಾಕಿ, ಆಮೇಲೆ ಬೇರೆ ಆ್ಯಪಿನಿಂದ ಒಂದು ಫಿಲ್ಟರ್ ಸೇವ್ ಮಾಡಿದರೆ ಎರಡನೆಯದು ಆಕ್ಟಿವ್ ಆಗಿ ಮೊದಲನೆಯದು ಸದ್ದಿಲ್ಲದೆ ಮೂಲೆಗೆ ಸರಿಯುತ್ತದೆ. ಯೂಸರ್‌ಗೆ ಇದರ ಸುಳಿವೇ ಸಿಗುವುದಿಲ್ಲ.

ರೂಟ್ ಆಗಿ ಲಾಗಿನ್ ಆಗಿ ನೀವೇ ಫೈಲ್ ಬರೆದುಕೊಟ್ಟಿದ್ದರೆ ಮಾಲೀಕತ್ವ ನೋಡಿ. ಫೈಲ್ ಮೇಲ್‌ಬಾಕ್ಸುಗಳ ಮಾಲೀಕನಾದ ವಿಮೇಲ್ ಯೂಸರ್ ಓದುವಂತಿರಬೇಕು. ಸ್ಕ್ರಿಪ್ಟಿನಲ್ಲಿ ತಪ್ಪಿದ್ದರೆ ಅದೇ ಫೋಲ್ಡರಿನಲ್ಲಿ .ಡವ್‌ಕಾಟ್.ಸೀವ್.ಲಾಗ್ ಎಂಬ ಫೈಲ್ ಹುಟ್ಟಿಕೊಂಡಿರುತ್ತದೆ. ತಪ್ಪಿರುವ ಸಾಲಿನ ಸಂಖ್ಯೆ ಸಮೇತ ಅದರಲ್ಲಿರುತ್ತದೆ.

ಲಾಗಿನಲ್ಲಿ "ಡಿಸ್ಕಾರ್ಡಿಂಗ್ ವೆಕೇಶನ್ ರೆಸ್ಪಾನ್ಸ್" ಅಂತ ಬರ್ತಿದೆ. ಏನಾಗಿದೆ?

ಏನೂ ಕೆಟ್ಟಿಲ್ಲ. ಸ್ಕ್ರಿಪ್ಟ್ ಓಡಿದೆ, ಉತ್ತರ ಕೊಡಬಾರದು ಎಂದು ತೀರ್ಮಾನಿಸಿದೆ. ಆ ಸಾಲಿನ ಉಳಿದ ಭಾಗದಲ್ಲಿ ಕಾರಣ ಇರುತ್ತದೆ.

"ಡೂಪ್ಲಿಕೇಟ್" ಎಂದಿದ್ದರೆ ಅದೇ ವ್ಯಕ್ತಿಗೆ ಇತ್ತೀಚೆಗೆ ಉತ್ತರ ಹೋಗಿದೆ. "ಓನ್ ಅಡ್ರೆಸ್" ಎಂದಿದ್ದರೆ ನಿಮ್ಮ ವಿಳಾಸದಿಂದ ನಿಮಗೇ ಮೇಲ್ ಕಳಿಸಿ ಪರೀಕ್ಷೆ ಮಾಡುತ್ತಿದ್ದೀರಿ. ಅದಕ್ಕೆ ಯಾವತ್ತೂ ಉತ್ತರ ಬರುವುದಿಲ್ಲ. "ಮೇಲಿಂಗ್‌ಲಿಸ್ಟ್", "ಪ್ರಿಸಿಡೆನ್ಸ್", "ಆಟೊ-ಸಬ್ಮಿಟೆಡ್" ಇವು ಗುಂಪು ಮೇಲ್, ಸುದ್ದಿಪತ್ರ, ಇನ್ನೊಂದು ಯಂತ್ರ ಕಳಿಸಿದ ಮೇಲ್‌ಗಳ ಗುರುತು. ಬ್ಯಾಂಕಿನ ಸ್ಟೇಟ್‌ಮೆಂಟಿಗೋ ಒಟಿಪಿ ಮೇಲಿಗೋ "ನಾನು ಊರಲ್ಲಿಲ್ಲ" ಎಂದು ಹೇಳಬೇಕಾದ್ದು ಏನೂ ಇಲ್ಲ. ಮೈಕ್ರೋಸಾಫ್ಟ್ ಕಡೆಯಿಂದ ಬರುವ ಕೆಲವು ಮೇಲ್‌ಗಳಲ್ಲಿ ಎಕ್ಸ್-ಆಟೊ-ರೆಸ್ಪಾನ್ಸ್-ಸಪ್ರೆಸ್ ಎಂಬ ಹೆಡರ್ ಇರುತ್ತದೆ. ಅದರಲ್ಲಿ "ಆಲ್" ಅಥವಾ "ಒಒಎಫ್" ಎಂದಿದ್ದರೆ ಪಿಜನ್‌ಹೋಲ್ ಅದನ್ನೂ ಗೌರವಿಸುತ್ತದೆ.

ನಿಜವಾಗಿ ಸರಿಪಡಿಸಬೇಕಾದದ್ದು ಒಂದೇ, "ಇಂಪ್ಲಿಸಿಟ್ಲಿ ಡೆಲಿವರ್ಡ್" ಎಂಬುದು. ಮೇಲಿನ ಟು, ಸಿಸಿ ಹೆಡರ್‌ಗಳಲ್ಲಿ ಈ ಯೂಸರ್‌ನ ವಿಳಾಸ ಕಾಣಲಿಲ್ಲ ಎಂದರ್ಥ. ಬಿಸಿಸಿಯಲ್ಲಿ ಬಂದ ಮೇಲ್ ಆದರೆ ಅದು ಸರಿಯೇ, ಬಿಟ್ಟುಬಿಡಿ. ಅಲಿಯಾಸ್ (ಒಂದೇ ಮೇಲ್‌ಬಾಕ್ಸಿಗೆ ಬರುವ ಇನ್ನೊಂದು ವಿಳಾಸ) ಮೂಲಕ ಬಂದದ್ದಾದರೆ ಮುಂದಿನ ಉತ್ತರ ಓದಿ.

ನಮ್ಮ ಯೂಸರ್‌ಗೆ ಎರಡು ಮೂರು ಅಲಿಯಾಸ್ ಇದೆ. ಮುಖ್ಯ ವಿಳಾಸಕ್ಕೆ ಬಂದರೆ ಉತ್ತರ ಹೋಗುತ್ತೆ, ಅಲಿಯಾಸ್‌ಗೆ ಬಂದರೆ ಇಲ್ಲ.

ಪೋಸ್ಟ್‌ಫಿಕ್ಸಿನ ವರ್ಚುವಲ್_ಅಲಿಯಾಸ್_ಮ್ಯಾಪ್ಸ್ ವಿಳಾಸವನ್ನು ಬದಲಿಸಿದ ಮೇಲೆ ಡವ್‌ಕಾಟಿಗೆ ತಲುಪುವುದು ಮುಖ್ಯ ವಿಳಾಸ ಮಾತ್ರ. ಹೆಡರಿನಲ್ಲಿ ಇರುವುದು ಅಲಿಯಾಸ್. ಎರಡೂ ಒಬ್ಬರದೇ ಎಂದು ಸೀವ್‌ಗೆ ತಿಳಿಯುವ ದಾರಿಯಿಲ್ಲ. ಸ್ಕ್ರಿಪ್ಟಿನಲ್ಲಿ ರಜೆ ಉತ್ತರ ಕಳಿಸುವ ವೆಕೇಶನ್ ಆಜ್ಞೆಯ :ಅಡ್ರೆಸಸ್ ಆಯ್ಕೆಯಲ್ಲಿ ಆ ವ್ಯಕ್ತಿಯ ಎಲ್ಲ ಅಲಿಯಾಸ್ ಬರೆಯಿರಿ. ರೌಂಡ್‌ಕ್ಯೂಬಿನ ರಜೆ ಪುಟದಲ್ಲೂ ಇದಕ್ಕೊಂದು ಜಾಗ ಇದೆ.

ಸೀವ್_ವೆಕೇಶನ್_ಡೋಂಟ್_ಚೆಕ್_ರೆಸಿಪಿಯೆಂಟ್ ಎಂಬ ಸೆಟ್ಟಿಂಗನ್ನು "ಯೆಸ್" ಮಾಡಿದರೆ ಈ ತಪಾಸಣೆಯೇ ನಿಲ್ಲುತ್ತದೆ, ತೊಂದರೆ ಮಾಯವಾದಂತೆ ಕಾಣುತ್ತದೆ. ಇಡೀ ಸರ್ವರಿಗೆ ಹೀಗೆ ಮಾಡಬೇಡಿ. ಬಿಸಿಸಿಯಲ್ಲಿ ಗುಟ್ಟಾಗಿ ಪ್ರತಿ ಪಡೆದವರು ಕೂಡ "ನಾನು ರಜೆಯಲ್ಲಿದ್ದೇನೆ" ಎಂದು ಉತ್ತರಿಸಿ ತಮ್ಮ ಇರವನ್ನು ತಾವೇ ಬಯಲು ಮಾಡುತ್ತಾರೆ. ಸೇಲ್ಸ್, ಇನ್ಫೋ ತರಹದ ಗುಂಪು ವಿಳಾಸಕ್ಕೂ ಇದೇ ಎಚ್ಚರ ಬೇಕು. ಪೀಣ್ಯದ ಒಂದು ಕಾರ್ಖಾನೆಯ ಸೇಲ್ಸ್ ವಿಳಾಸ ಐದು ಜನರಿಗೆ ಹಂಚಿಕೆಯಾಗುತ್ತದೆ ಅಂದುಕೊಳ್ಳಿ. ಐವರೂ ತಮ್ಮ :ಅಡ್ರೆಸಸ್‌ನಲ್ಲಿ ಅದನ್ನು ಬರೆದುಕೊಂಡು ದಸರಾಕ್ಕೆ ಊರಿಗೆ ಹೋದರೆ, ಕೊಟೇಶನ್ ಕೇಳಿದ ಗಿರಾಕಿಗೆ ಐದು ರಜೆ ಸಂದೇಶ ಹೋಗುತ್ತವೆ. ಗುಂಪು ವಿಳಾಸಕ್ಕೆ ಆಟೊ ರಿಪ್ಲೈ ಬೇಕೇ ಬೇಕೆಂದರೆ ಅದಕ್ಕೇ ಪ್ರತ್ಯೇಕ ಮೇಲ್‌ಬಾಕ್ಸ್ ಮಾಡಿ, ಅಲ್ಲಿ ಒಂದೇ ಸ್ಕ್ರಿಪ್ಟ್ ಇಡಿ.

ಮೊದಲ ಸಲ ಉತ್ತರ ಬಂತು, ಮತ್ತೆ ಕಳಿಸಿದರೆ ಬರ್ತಿಲ್ಲ. ಪರೀಕ್ಷೆ ಮಾಡೋದು ಹೇಗೆ?

ಒಬ್ಬರಿಗೆ ಒಂದು ಅವಧಿಯಲ್ಲಿ ಒಂದೇ ಉತ್ತರ. :ಡೇಸ್ ಕೊಡದಿದ್ದರೆ ಆ ಅವಧಿ 7 ದಿನ. ನೀವು ಎಷ್ಟೇ ಕಡಿಮೆ ಕೇಳಿದರೂ ಸೀವ್_ವೆಕೇಶನ್_ಮಿನ್_ಪಿರಿಯಡ್‌ಗಿಂತ ಕೆಳಗಿಳಿಯುವುದಿಲ್ಲ, ಅದರ ಮೂಲ ಬೆಲೆ 1 ದಿನ. ಗಂಟೆ, ನಿಮಿಷದ ಲೆಕ್ಕ ಬೇಕೆಂದರೆ ಸೀವ್_ಎಕ್ಸ್‌ಟೆನ್ಶನ್ಸ್‌ಗೆ +ವೆಕೇಶನ್-ಸೆಕೆಂಡ್ಸ್ ಸೇರಿಸಿ, ಮಿನ್_ಪಿರಿಯಡ್ ಅನ್ನೂ ಇಳಿಸಬೇಕು. ಒಂದನ್ನೇ ಮಾಡಿ ಇನ್ನೊಂದನ್ನು ಬಿಟ್ಟರೆ ಏನೂ ಬದಲಾಗದು.

ಯಾರಿಗೆ ಉತ್ತರ ಹೋಗಿದೆ ಎಂಬ ಪಟ್ಟಿ ಯೂಸರ್ ಹೋಮಿನ .ಡವ್‌ಕಾಟ್.ಎಲ್‌ಡಿಎ-ಡ್ಯೂಪ್ಸ್ ಫೈಲಿನಲ್ಲಿದೆ. ಪರೀಕ್ಷೆಗೆಂದು ಅದನ್ನು ಅಳಿಸಬಹುದು; ಅಳಿಸಿದರೆ ಈಗಾಗಲೇ ಉತ್ತರ ಪಡೆದ ಎಲ್ಲರಿಗೂ ಮುಂದಿನ ಮೇಲಿಗೆ ಇನ್ನೊಮ್ಮೆ ಉತ್ತರ ಹೋಗುತ್ತದೆ ಎಂಬುದು ನೆನಪಿರಲಿ. ಸಂದೇಶದ ಪಠ್ಯ ಅಥವಾ ವಿಷಯದ ಸಾಲು ಬದಲಿಸಿದರೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅಕ್ಷರ ತಪ್ಪು ತಿದ್ದಿದ್ದಕ್ಕೆಲ್ಲ ಹೊಸ ಉತ್ತರ ಹೋಗುವುದು ಬೇಡವೆಂದರೆ :ಹ್ಯಾಂಡಲ್ ಎಂಬ ಆಯ್ಕೆಗೆ ಒಂದು ಸ್ಥಿರ ಹೆಸರು ಕೊಡಿ.

ಮೇಲ್ ಕಳಿಸದೆಯೇ ನೋಡಬೇಕೆಂದರೆ ಸೀವ್-ಟೆಸ್ಟ್ ಇದೆ. ಸಮಸ್ಯೆಯ ಮೇಲನ್ನು ಒಂದು ಫೈಲಾಗಿ ಉಳಿಸಿಕೊಂಡು, -ಎಫ್‌ಗೆ ಕಳಿಸಿದವರ ವಿಳಾಸ, -ಆರ್‌ಗೆ ಪಡೆದವರ ವಿಳಾಸ ಕೊಟ್ಟು, ಸ್ಕ್ರಿಪ್ಟ್ ಮತ್ತು ಮೇಲ್ ಫೈಲಿನ ಹೆಸರು ಬರೆದರೆ ಏನು ಮಾಡುತ್ತಿದ್ದೆ ಎಂದು ಹೇಳುತ್ತದೆ, ಮಾಡುವುದಿಲ್ಲ. ಬರುತ್ತಿರುವ ನಿಜವಾದ ಮೇಲ್‌ಗಳ ಮೇಲೆಯೇ ಕಣ್ಣಿಡಬೇಕಾದರೆ ಸೀವ್_ಟ್ರೇಸ್_ಡಿರ್‌ಗೆ ಒಂದು ಫೋಲ್ಡರ್ ಕೊಟ್ಟು, ಸೀವ್_ಟ್ರೇಸ್_ಲೆವೆಲ್ ಅನ್ನು "ಮ್ಯಾಚಿಂಗ್" ಮಾಡಿ. ಫೋಲ್ಡರನ್ನು ನೀವೇ ಮೊದಲು ಮಾಡಿಟ್ಟಿರಬೇಕು, ಇಲ್ಲದಿದ್ದರೆ ಟ್ರೇಸ್ ಶುರುವೇ ಆಗುವುದಿಲ್ಲ. ಆ ಒಬ್ಬ ಯೂಸರ್‌ನ ಹೋಮಿನಲ್ಲಿ ಮಾತ್ರ ಫೋಲ್ಡರ್ ಮಾಡಿದರೆ ಅವರೊಬ್ಬರ ಟ್ರೇಸ್ ಮಾತ್ರ ಬರುತ್ತದೆ, ಡಿಸ್ಕೂ ತುಂಬದು.

"ಸೆಂಟ್ ವೆಕೇಶನ್ ರೆಸ್ಪಾನ್ಸ್" ಅಂತ ಲಾಗ್ ಹೇಳುತ್ತೆ, ಆದರೆ ಗಿರಾಕಿಗೆ ತಲುಪಿಲ್ಲ.

ಈ ಪುಟದಲ್ಲಿ ಹೆಚ್ಚು ತಲೆ ತಿನ್ನುವ ತೊಂದರೆ ಇದೇ. ಕಾರಣವೂ ಒಂದಲ್ಲ.

ಆಟೊ ರಿಪ್ಲೈ ಖಾಲಿ ಕಳುಹಿಸುವವರ ವಿಳಾಸದಿಂದ ಹೊರಡುತ್ತದೆ. ಲಾಗಿನಲ್ಲಿ "ಫ್ರಮ್=" ಮುಂದೆ ಬರೀ ಎರಡು ಕೋನ ಆವರಣ ಕಾಣುತ್ತದೆ. ಇದು ಬೇಕೆಂದೇ ಮಾಡಿದ್ದು: ಉತ್ತರ ತಲುಪದಿದ್ದರೆ ಅದು ಬೌನ್ಸ್ ಆಗಿ ಹಿಂದೆ ಬಂದು, ಆ ಬೌನ್ಸಿಗೆ ಮತ್ತೆ ಉತ್ತರ ಹೋಗಿ, ಸುತ್ತು ಹಾಕಬಾರದು ಎಂದು. ಇದರ ಇನ್ನೊಂದು ಮುಖ ಏನೆಂದರೆ, ತಲುಪದ ಉತ್ತರದ ಸುದ್ದಿ ಯೂಸರ್‌ಗೆ ಬರುವುದೇ ಇಲ್ಲ. ಕ್ಯೂನಲ್ಲಿ ಸಿಕ್ಕಿಕೊಂಡರೆ ಬೌನ್ಸ್_ಕ್ಯೂ_ಲೈಫ್‌ಟೈಮ್ ಪ್ರಕಾರ, ಅಂದರೆ ಮೂಲ ಸೆಟ್ಟಿಂಗಿನಲ್ಲಿ 5 ದಿನ, ಕಾದು ಸದ್ದಿಲ್ಲದೆ ಹೋಗಿಬಿಡುತ್ತದೆ. ಆದ್ದರಿಂದ ಕ್ಯೂ ತೋರಿಸುವ ಪೋಸ್ಟ್‌ಕ್ಯೂ -ಪಿ ಮತ್ತು ಲಾಗ್ ಎರಡೇ ನಿಮ್ಮ ಸಾಕ್ಷಿ.

ಉತ್ತರ ಪೋಸ್ಟ್‌ಫಿಕ್ಸಿಗೆ ಬಂತೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಸಬ್ಮಿಶನ್_ಹೋಸ್ಟ್ ಕೊಡದಿದ್ದರೆ ಡವ್‌ಕಾಟ್ ಸೆಂಡ್‌ಮೇಲ್ ಎಂಬ ಕಮಾಂಡ್ ಮೂಲಕ ಮೇಲ್ ಕೊಡುತ್ತದೆ. ಆ ಕಮಾಂಡ್ ಪೋಸ್ಟ್‌ಡ್ರಾಪ್ ಅನ್ನು ಕರೆಯುತ್ತದೆ, ಪೋಸ್ಟ್‌ಡ್ರಾಪ್ ಸೆಟ್‌ಜಿಐಡಿ (ಪ್ರೋಗ್ರಾಂಗೆ ಅದರ ಗ್ರೂಪಿನ ಅನುಮತಿ ಕೊಡುವ ವ್ಯವಸ್ಥೆ) ಬಲದಿಂದ ಮೇಲ್‌ಡ್ರಾಪ್ ಫೋಲ್ಡರಿಗೆ ಬರೆಯುತ್ತದೆ. ಸಿಸ್ಟಮ್‌ಡಿಯಲ್ಲಿ ಡವ್‌ಕಾಟ್ ಸರ್ವಿಸಿಗೆ ನೋನ್ಯೂಪ್ರಿವಿಲೇಜಸ್ (ಹೆಚ್ಚಿನ ಅನುಮತಿ ಪಡೆಯದಂತೆ ತಡೆಯುವ ಆಯ್ಕೆ) ಹಾಕಿದ್ದರೆ, ಅಥವಾ ಕಂಟೇನರನ್ನು ಆ ಆಯ್ಕೆಯೊಂದಿಗೆ ಓಡಿಸಿದ್ದರೆ, ಸೆಟ್‌ಜಿಐಡಿ ಕೆಲಸ ಮಾಡದು. ಲಾಗಿನಲ್ಲಿ ಪೋಸ್ಟ್‌ಡ್ರಾಪ್ ಹೆಸರಿನಲ್ಲಿ "ಪರ್ಮಿಷನ್ ಡಿನೈಡ್" ಕಾಣುತ್ತದೆ. ಡವ್‌ಕಾಟ್ ಬೇರೆ ಕಂಟೇನರಿನಲ್ಲಿದ್ದರೆ ಅಲ್ಲಿ ಸೆಂಡ್‌ಮೇಲ್ ಕಮಾಂಡೇ ಇರುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಸಬ್ಮಿಶನ್_ಹೋಸ್ಟ್‌ಗೆ ಪೋಸ್ಟ್‌ಫಿಕ್ಸಿನ ವಿಳಾಸ, ಪೋರ್ಟ್ 25 ಕೊಡಿ; ಡವ್‌ಕಾಟಿನ ಐಪಿ ಪೋಸ್ಟ್‌ಫಿಕ್ಸಿನ ನಂಬಿಕೆಯ ಪಟ್ಟಿಯಾದ ಮೈನೆಟ್‌ವರ್ಕ್ಸ್‌ನಲ್ಲಿರಲಿ.

ಪೋಸ್ಟ್‌ಫಿಕ್ಸಿಗೆ ಬಂದು ಹೊರಗೂ ಹೋಗಿ, ಜಿಮೇಲ್ 550 5.7.26 ಎಂದು ತಿರಸ್ಕರಿಸಿದ್ದರೆ ಅದು ದೃಢೀಕರಣದ ತಕರಾರು. ಕೈಯಿಂದ ಬರೆದ ಮೇಲೆಲ್ಲ ಸರಿಯಾಗಿ ಹೋಗುತ್ತದೆ, ಆಟೊ ರಿಪ್ಲೈ ಮಾತ್ರ ಹೋಗುವುದಿಲ್ಲ ಎಂದರೆ ಡಿಕಿಮ್ ಸಹಿಯನ್ನು (ಮೇಲ್ ನಿಮ್ಮ ಡೊಮೇನಿನದ್ದೇ ಎಂದು ತೋರಿಸುವ ಡಿಜಿಟಲ್ ಸಹಿ) ಅನುಮಾನಿಸಿ. ಔಟ್‌ಲುಕ್, ರೌಂಡ್‌ಕ್ಯೂಬಿನಿಂದ ಬರುವ ಮೇಲಿಗೆ, ಸಹಿ ಹಾಕುವ ಪ್ರೋಗ್ರಾಂ ಯಾವುದೆಂದು ಹೇಳುವ ಎಸ್‌ಎಂಟಿಪಿಡಿ_ಮಿಲ್ಟರ್ಸ್ ಅನ್ವಯಿಸುತ್ತದೆ. ಸೆಂಡ್‌ಮೇಲ್ ಕಮಾಂಡ್ ಮೂಲಕ ಬರುವ ಮೇಲಿಗೆ ಅನ್ವಯಿಸುವುದು ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್, ಮೂಲ ಸೆಟ್ಟಿಂಗಿನಲ್ಲಿ ಅದು ಖಾಲಿ. ಹಾಗಾಗಿ ಸಹಿಯಿಲ್ಲದೆ ಹೊರಡುತ್ತದೆ. ಎರಡಕ್ಕೂ ಒಂದೇ ಬೆಲೆ ಕೊಡಿ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ.

ಎಸ್‌ಪಿಎಫ್‌ನಲ್ಲೂ (ಒಂದು ಡೊಮೇನಿನ ಮೇಲನ್ನು ಯಾವ ಸರ್ವರ್ ಕಳಿಸಬಹುದು ಎಂದು ಹೇಳುವ ಡಿಎನ್‌ಎಸ್ ದಾಖಲೆ) ಒಂದು ಸೂಕ್ಷ್ಮ ಇದೆ. ಕಳುಹಿಸುವವರ ವಿಳಾಸ ಖಾಲಿ ಇರುವಾಗ ಎದುರಿನ ಸರ್ವರ್ ನಿಮ್ಮ ಡೊಮೇನಿನ ಎಸ್‌ಪಿಎಫ್ ನೋಡುವುದಿಲ್ಲ, ಸಂಪರ್ಕದ ಶುರುವಿನ ಹೆಲೋದಲ್ಲಿ ಹೇಳಿದ ಹೋಸ್ಟ್ ಹೆಸರಿನದನ್ನು ನೋಡುತ್ತದೆ. ಮೇಲ್ ಸರ್ವರಿನ ಹೋಸ್ಟ್ ಹೆಸರಿಗೆ ಪ್ರತ್ಯೇಕ ಟಿಎಕ್ಸ್‌ಟಿ ದಾಖಲೆ ಹಾಕಿ: ವಿ=ಎಸ್‌ಪಿಎಫ್1, ಸ್ಪೇಸ್, ಎ, ಸ್ಪೇಸ್, -ಆಲ್. ಇದನ್ನು ಬಹುತೇಕರು ಹಾಕಿರುವುದೇ ಇಲ್ಲ.

ನಮ್ಮ ಹೊರಹೋಗುವ ಮೇಲೆಲ್ಲ ಒಂದು ರಿಲೇ ಸರ್ವಿಸ್ ಮೂಲಕ ಹೋಗುತ್ತೆ. ಅದು ಆಟೊ ರಿಪ್ಲೈ ತೆಗೆದುಕೊಳ್ಳಲ್ಲ.

ಕೆಲವು ರಿಲೇಗಳು ಖಾಲಿ ಕಳುಹಿಸುವವರನ್ನು ಒಪ್ಪುವುದಿಲ್ಲ. ಸೀವ್_ವೆಕೇಶನ್_ಸೆಂಡ್_ಫ್ರಮ್_ರೆಸಿಪಿಯೆಂಟ್ ಅನ್ನು "ಯೆಸ್" ಮಾಡಿದರೆ ಯೂಸರ್‌ನ ವಿಳಾಸದಿಂದಲೇ ಹೊರಡುತ್ತದೆ. ತಲುಪದವು ಆಗ ಯೂಸರ್‌ಗೆ ಬೌನ್ಸ್ ಆಗಿ ವಾಪಸ್ ಬರುತ್ತವೆ, ಅದನ್ನು ಮೊದಲೇ ಹೇಳಿಡಿ. ಬೇರೆ ದಾರಿ ಇಲ್ಲದಾಗ ಮಾತ್ರ ಇದು.

ಕಳುಹಿಸುವವರನ್ನು ನೋಡಿ ರಿಲೇ ಆರಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ ತೊಂದರೆ ಬೇರೆಯೇ ಇರಬಹುದು. ಸೆಂಡರ್_ಡಿಪೆಂಡೆಂಟ್_ರಿಲೇಹೋಸ್ಟ್_ಮ್ಯಾಪ್ಸ್‌ನಲ್ಲಿ ಖಾಲಿ ವಿಳಾಸಕ್ಕೆ ಸಾಲೇ ಇಲ್ಲದೆ, ರಿಲೇಹೋಸ್ಟ್ ಸೆಟ್ಟಿಂಗೂ ಖಾಲಿ ಇದ್ದರೆ ಮೇಲ್ ರಿಲೇ ಬಿಟ್ಟು ನೇರವಾಗಿ ಪೋರ್ಟ್ 25ರಲ್ಲಿ ಹೊರಡಲು ನೋಡುತ್ತದೆ. ಎಡಬ್ಲ್ಯೂಎಸ್, ಗೂಗಲ್ ಕ್ಲೌಡ್‌ನಲ್ಲಿ ಹೊರಮುಖ ಪೋರ್ಟ್ 25 ಮೊದಲಿಂದಲೇ ಬಂದ್. ಕ್ಯೂನಲ್ಲಿ "ಕನೆಕ್ಷನ್ ಟೈಮ್ಡ್ ಔಟ್" ಸಾಲುಗಟ್ಟಿದ್ದರೆ ಇದೇ. ಆ ಮ್ಯಾಪಿನಲ್ಲಿ ಎರಡು ಕೋನ ಆವರಣವನ್ನೇ ಕೀ ಮಾಡಿ ಒಂದು ಸಾಲು ಸೇರಿಸಿ.

ಕನ್ನಡದಲ್ಲಿ ಬರೆದ ರಜೆ ಸಂದೇಶ ಓದುವವರಿಗೆ ಗೀಚಿದಂತೆ ಕಾಣುತ್ತೆ.

ಸೀವ್ ಸ್ಕ್ರಿಪ್ಟ್ ಯುಟಿಎಫ್-8ರಲ್ಲಿದ್ದರೆ ಪಿಜನ್‌ಹೋಲ್ ಕನ್ನಡವನ್ನು ಸರಿಯಾಗಿಯೇ ಕಳಿಸುತ್ತದೆ, ವಿಷಯದ ಸಾಲನ್ನೂ ತಾನೇ ಎನ್‌ಕೋಡ್ ಮಾಡುತ್ತದೆ. ಹಾಗಾಗಿ ಅನುಮಾನ ಪಠ್ಯದ ಮೂಲದ ಮೇಲೆ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರದಿಂದ ಕಾಪಿ ಮಾಡಿದ್ದರೆ ಅದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಫಾಂಟ್ ಇಲ್ಲದ ಕಡೆ ರೋಮನ್ ಅಕ್ಷರಗಳೂ ತಲೆಯ ಮೇಲೆ ಗೆರೆ ಚುಕ್ಕಿ ಇರುವ ಯುರೋಪಿನ ಅಕ್ಷರಗಳೂ ಕಲಸಿಕೊಂಡು ಕಾಣುತ್ತವೆ. ಯೂನಿಕೋಡಿಗೆ ಪರಿವರ್ತಿಸಿ ಹಾಕಿ, ಇಲ್ಲವೇ ಆ ನಾಲ್ಕು ಸಾಲನ್ನು ಯೂನಿಕೋಡ್ ಕೀಬೋರ್ಡಿನಲ್ಲೇ ಹೊಸದಾಗಿ ಹೊಡೆಯಿರಿ, ಅದೇ ಬೇಗ ಆಗುವ ಕೆಲಸ.

:ಮೈಮ್ ಆಯ್ಕೆ ಬಳಸಿದ್ದರೆ ಹೆಡರಿನ ಜವಾಬ್ದಾರಿ ನಿಮ್ಮದು. ಕಂಟೆಂಟ್-ಟೈಪ್ ಸಾಲಿನಲ್ಲಿ ಕ್ಯಾರೆಕ್ಟರ್‌ಸೆಟ್ ಯುಟಿಎಫ್-8 ಎಂದು ಬರೆದು, ಒಂದು ಖಾಲಿ ಸಾಲು ಬಿಟ್ಟು, ಆಮೇಲೆ ಪಠ್ಯ.

ವರ್ಡ್ ಫೈಲಿನಿಂದ ಅಂಟಿಸಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಗಳು ಸ್ಕ್ರಿಪ್ಟನ್ನೇ ಮುರಿಯುತ್ತವೆ. ಸೀವ್‌ಗೆ ನೇರ ಚಿಹ್ನೆ ಮಾತ್ರ ಗೊತ್ತು. ಸೇವ್ ಮಾಡಿದ ಮೇಲೆ ಸೀವ್‌ಸಿ ಕಮಾಂಡಿನಿಂದ ಒಮ್ಮೆ ಕಂಪೈಲ್ ಮಾಡಿ ನೋಡಿ.

ನವೆಂಬರ್ 1ರಿಂದ ಶುರುವಾಗಲಿ ಅಂತ ತಾರೀಕು ಕೊಟ್ಟಿದ್ದೀವಿ. ಬೆಳಗಿನ ಜಾವ ಬಂದ ಮೇಲಿಗೆ ಉತ್ತರ ಹೋಗಿಲ್ಲ.

ಸರ್ವರ್ ಯುಟಿಸಿಯಲ್ಲಿದೆ. ಸ್ಕ್ರಿಪ್ಟಿನಲ್ಲಿ ಇವತ್ತಿನ ತಾರೀಕು ನೋಡುವ ಕರೆಂಟ್‌ಡೇಟ್ ಪರೀಕ್ಷೆಗೆ ಸಮಯವಲಯ ಹೇಳದಿದ್ದರೆ ಅದು ಸರ್ವರಿನ ಗಡಿಯಾರವನ್ನೇ ನಂಬುತ್ತದೆ. ಕ್ಲೌಡ್ ಯಂತ್ರಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಬರುತ್ತವೆ, ಯಂತ್ರ ಇರುವ ಡೇಟಾ ಸೆಂಟರ್ ಮುಂಬೈನಲ್ಲಿದ್ದರೂ ಅಷ್ಟೇ. ನಮ್ಮ ನಡುರಾತ್ರಿ 12ಕ್ಕೆ ಅಲ್ಲಿ ಹಿಂದಿನ ದಿನದ ಸಂಜೆ 6:30. ಹಾಗಾಗಿ ಉತ್ತರ ಶುರುವಾಗುವುದು ಬೆಳಿಗ್ಗೆ 5:30ಕ್ಕೆ, ನಿಲ್ಲುವುದೂ ಕೊನೆಯ ದಿನದ ಮರುದಿನ ಬೆಳಿಗ್ಗೆ 5:30ಕ್ಕೆ.

ಪರೀಕ್ಷೆಯಲ್ಲಿ :ಝೋನ್ ಸೇರಿಸಿ +0530 ಕೊಡಿ. ಇಡೀ ಸರ್ವರಿನ ಸಮಯವಲಯ ಬದಲಿಸುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಸರ್ವರ್ ಬದಲಾದರೂ ಸ್ಕ್ರಿಪ್ಟ್ ಸರಿಯಾಗಿರುತ್ತದೆ. ತಾರೀಕನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ, ತಿಂಗಳು ಮತ್ತು ದಿನಕ್ಕೆ ಎರಡೆರಡು ಅಂಕಿ ಇರುವಂತೆ ಬರೆಯಿರಿ. 2026-11-1 ಎಂದರೆ ಹೋಲಿಕೆ ತಪ್ಪುತ್ತದೆ, 2026-11-01 ಸರಿ. ಸ್ಕ್ರಿಪ್ಟಿನ ಮೊದಲಿಗೆ ಬರುವ ರಿಕ್ವೈರ್ ಸಾಲಿನಲ್ಲಿ ವೆಕೇಶನ್ ಜೊತೆ ಡೇಟ್, ರಿಲೇಶನಲ್ ಎರಡೂ ಇರಬೇಕು.

ಸ್ಪ್ಯಾಮ್ ಮೇಲಿಗೂ ಉತ್ತರ ಹೋಗ್ತಿದೆ. ನಿಲ್ಲಿಸೋದು ಹೇಗೆ?

ಬೇಗ ನಿಲ್ಲಿಸಿ. ಸ್ಪ್ಯಾಮಿನ ಕಳುಹಿಸುವವರ ವಿಳಾಸ ಸುಳ್ಳು, ನಿಮ್ಮ ಉತ್ತರ ಹೋಗುವುದು ಏನೂ ಅರಿಯದ ಮೂರನೆಯವರಿಗೆ. ಜಾಸ್ತಿಯಾದರೆ ನಿಮ್ಮ ಐಪಿಯೇ ಕಪ್ಪುಪಟ್ಟಿ ಸೇರುತ್ತದೆ.

ಯೂಸರ್‌ನ ಸ್ಕ್ರಿಪ್ಟಿಗಿಂತ ಮೊದಲು ಓಡುವ ಸೀವ್_ಬಿಫೋರ್‌ನಲ್ಲಿ ಎಲ್ಲರಿಗೂ ಅನ್ವಯಿಸುವ ಒಂದು ಸ್ಕ್ರಿಪ್ಟ್ ಇಡಿ: ಸ್ಪ್ಯಾಮ್ ಫಿಲ್ಟರ್ ಹಾಕಿದ ಹೆಡರ್ ನೋಡಿ ಫೈಲ್‌ಇಂಟು ಮೂಲಕ ಜಂಕ್ ಫೋಲ್ಡರಿಗೆ ಹಾಕುವುದು. ಫೈಲ್‌ಇಂಟು ಆದ ಮೇಲೆ ಮೂಲ ಕೀಪ್ (ಮೇಲನ್ನು ಇನ್‌ಬಾಕ್ಸಿನಲ್ಲಿ ಉಳಿಸುವ ಆಜ್ಞೆ) ರದ್ದಾಗುತ್ತದೆ, ಕೀಪ್ ಉಳಿದಿದ್ದರೆ ಮಾತ್ರ ಮುಂದಿನ ಸ್ಕ್ರಿಪ್ಟ್ ಓಡುತ್ತದೆ. ಹಾಗಾಗಿ ಯೂಸರ್‌ನ ವೆಕೇಶನ್‌ವರೆಗೆ ಸ್ಪ್ಯಾಮ್ ತಲುಪುವುದೇ ಇಲ್ಲ. ಈ ಸ್ಕ್ರಿಪ್ಟನ್ನು ರೂಟ್ ಆಗಿ ಸೀವ್‌ಸಿಯಿಂದ ಕಂಪೈಲ್ ಮಾಡಿಡಿ, ಎಲ್‌ಎಂಟಿಪಿ ಪ್ರಕ್ರಿಯೆಗೆ ಆ ಫೋಲ್ಡರಿನಲ್ಲಿ ಬರೆಯುವ ಹಕ್ಕಿರುವುದಿಲ್ಲ.

ಇದೇ ಗುಣ ಕೆಲವೊಮ್ಮೆ ತಿರುಗುಬಾಣವಾಗುತ್ತದೆ. ಎಲ್ಲ ಇನ್‌ವಾಯ್ಸ್ ಮೇಲನ್ನೂ ಒಂದು ಫೋಲ್ಡರಿಗೆ ಹಾಕು ಎಂದು ಸೀವ್_ಬಿಫೋರ್‌ನಲ್ಲಿ ಬರೆದಿದ್ದರೆ ಆ ಮೇಲ್‌ಗಳಿಗೆ ರಜೆ ಸಂದೇಶ ಹೋಗದು. ಅಲ್ಲಿ ಫೈಲ್‌ಇಂಟು ಜೊತೆ :ಕಾಪಿ ಬಳಸಿ. ಆಗ ಇನ್‌ಬಾಕ್ಸಿನಲ್ಲೂ ಒಂದು ಪ್ರತಿ ಉಳಿಯುತ್ತದೆ. ಯೂಸರ್‌ನ ಸ್ಕ್ರಿಪ್ಟಿನೊಳಗೂ ಕ್ರಮ ಮುಖ್ಯ: ಮೇಲಿನ ಫಿಲ್ಟರಿನಲ್ಲಿ ಸ್ಟಾಪ್ ಇದ್ದರೆ ಕೆಳಗಿನ ವೆಕೇಶನ್‌ಗೆ ಸರದಿ ಬರುವುದಿಲ್ಲ.

ಹಳೆಯ ಸರ್ವರಿನಲ್ಲಿ .ಫಾರ್ವರ್ಡ್ ಫೈಲ್ ಮತ್ತು ವೆಕೇಶನ್ ಪ್ರೋಗ್ರಾಂ ಇದೆ. ಅದನ್ನೇ ಮುಂದುವರಿಸಬಹುದೇ?

ನಡೆಯುತ್ತಿದ್ದರೆ ನಡೆಯಲಿ. ಆದರೆ .ಫಾರ್ವರ್ಡ್ ಓದುವುದು ಪೋಸ್ಟ್‌ಫಿಕ್ಸಿನ ಲೋಕಲ್ ಎಂಬ ಡೆಲಿವರಿ ಪ್ರೋಗ್ರಾಂ ಮಾತ್ರ; ಎಲ್‌ಎಂಟಿಪಿಗೆ ಬದಲಾದ ವರ್ಚುವಲ್ ಯೂಸರ್‌ಗಳಿಗೆ ಅದು ಕೆಲಸ ಮಾಡದು. ಫೈಲಿನಲ್ಲಿ ಹಿಂಬಾಗಿದ ಗೆರೆಯ (ಬ್ಯಾಕ್‌ಸ್ಲ್ಯಾಶ್) ಜೊತೆ ಯೂಸರ್ ಹೆಸರು ಮೊದಲು, ಆಮೇಲೆ ಪೈಪ್ ಚಿಹ್ನೆಯ ವೆಕೇಶನ್ ಸಾಲು ಇರಬೇಕು. ಮೊದಲನೆಯದನ್ನು ಬಿಟ್ಟರೆ ಉತ್ತರವೇನೋ ಹೋಗುತ್ತದೆ, ಬಂದ ಮೇಲ್ ಮಾತ್ರ ಎಲ್ಲೂ ಉಳಿಯುವುದಿಲ್ಲ.

ಯಾರೋ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ಪ್ರತಿ ಮೇಲಿಗೂ ಉತ್ತರ ಕಳಿಸುವ ವ್ಯವಸ್ಥೆ ಮಾಡಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಅದು ಆಟೊ-ಸಬ್ಮಿಟೆಡ್ ಹೆಡರ್ ನೋಡುವುದಿಲ್ಲ, ಹಾಕುವುದೂ ಇಲ್ಲ. ಎದುರಿಗೂ ಅಂಥದ್ದೇ ಒಂದು ಟಿಕೆಟ್ ವ್ಯವಸ್ಥೆ ಇದ್ದರೆ ಎರಡೂ ಸೇರಿ ಬೆಳಗಾಗುವಷ್ಟರಲ್ಲಿ ಡಿಸ್ಕ್ ತುಂಬಿಸುತ್ತವೆ.

ಡೆಬಿಯನ್ 13ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಎಲ್ಲ ನಿಂತಿದೆ.

ಅದರಲ್ಲಿರುವುದು ಡವ್‌ಕಾಟ್ 2.4. 2025ರಲ್ಲಿ ಬಂದ ಈ ಆವೃತ್ತಿಗೆ ಹಳೆಯ ಸೆಟ್ಟಿಂಗ್ ಫೈಲ್ ಆಗದು. ಮೊದಲ ಸಾಲಿನಲ್ಲಿ ಡವ್‌ಕಾಟ್_ಕಾನ್ಫಿಗ್_ವರ್ಷನ್ ಇರಲೇಬೇಕು. ಪ್ಲಗಿನ್ ಬ್ಲಾಕ್ ಹೋಗಿದೆ. ಸ್ಕ್ರಿಪ್ಟ್ ಎಲ್ಲಿದೆ ಎಂಬುದನ್ನು ಸೀವ್_ಸ್ಕ್ರಿಪ್ಟ್ ಎಂಬ ಹೊಸ ಬ್ಲಾಕಿನಲ್ಲಿ ಪಾತ್, ಆಕ್ಟಿವ್_ಪಾತ್ ಎಂದು ಬೇರೆ ಬೇರೆಯಾಗಿ ಬರೆಯಬೇಕು. ಸೀವ್_ಬಿಫೋರ್ ಕೂಡ ಟೈಪ್ ಬಿಫೋರ್ ಇರುವ ಇನ್ನೊಂದು ಸೀವ್_ಸ್ಕ್ರಿಪ್ಟ್ ಬ್ಲಾಕ್ ಆಗಿದೆ. ಮೇಲ್_ಲೊಕೇಶನ್ ಬದಲು ಮೇಲ್_ಡ್ರೈವರ್, ಮೇಲ್_ಪಾತ್. ಶೇಕಡಾ ಚಿಹ್ನೆಯ ಮುಂದೆ ಒಂದೇ ಅಕ್ಷರ ಬರೆಯುವ ಚಿಕ್ಕ ರೂಪಗಳೂ ಇಲ್ಲ. ಯೂಸರ್‌ಗಳ ಸೀವ್ ಸ್ಕ್ರಿಪ್ಟುಗಳನ್ನು ಮುಟ್ಟುವ ಅಗತ್ಯವಿಲ್ಲ, ಅವು ಹಾಗೆಯೇ ಓಡುತ್ತವೆ. ಹಬ್ಬದ ಹಿಂದಿನ ದಿನ ಈ ಅಪ್‌ಗ್ರೇಡಿಗೆ ಕೈ ಹಾಕಬೇಡಿ.

ಅನುಮತಿ ಎಲ್ಲ ಸರಿಯಿದೆ, ಆದರೂ ಆಲ್ಮಾ ಲಿನಕ್ಸಿನಲ್ಲಿ "ಪರ್ಮಿಷನ್ ಡಿನೈಡ್".

ಎಸ್‌ಇಲಿನಕ್ಸ್, ಅಂದರೆ ಫೈಲ್ ಅನುಮತಿಯ ಮೇಲೆ ಇರುವ ಇನ್ನೊಂದು ಕಾವಲು. ಮೇಲನ್ನು ರೂಢಿಯ ಜಾಗ ಬಿಟ್ಟು ಹೊಸ ಡಿಸ್ಕಿಗೆ ಸಾಗಿಸಿದ ಮೇಲೆ ಹೀಗಾಗುತ್ತದೆ. ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್ ಹೊಡೆದರೆ ಯಾವ ಫೈಲಿಗೆ ತಡೆ ಎಂದು ಬರುತ್ತದೆ. ಎಸ್‌ಇಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ ಮೂಲಕ ಆ ಫೋಲ್ಡರಿಗೆ ಮೇಲ್_ಹೋಮ್_ಆರ್‌ಡಬ್ಲ್ಯೂ_ಟಿ ಗುರುತು ಕೊಟ್ಟು, ರಿಸ್ಟೋರ್‌ಕಾನ್ -ಆರ್‌ವಿ ಓಡಿಸಿ. ಅದರಲ್ಲಿ ಆರ್ ದೊಡ್ಡಕ್ಷರ. ಎಸ್‌ಇಲಿನಕ್ಸನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಕೇಳಬೇಡಿ.

ಔಟ್‌ಲುಕ್‌ನಲ್ಲೇ ರೂಲ್ ಹಾಕಿ ಉತ್ತರ ಕಳಿಸಬಾರದೇ?

ಐಮ್ಯಾಪ್ ಖಾತೆಗೆ ಆ ರೂಲ್ ಓಡುವುದು ಪಿಸಿ ಆನ್ ಇದ್ದು ಔಟ್‌ಲುಕ್ ತೆರೆದಿರುವಾಗ ಮಾತ್ರ. ಆಫೀಸಿಗೆ ಬೀಗ ಹಾಕಿ, ಮೇನ್ ಸ್ವಿಚ್ ಇಳಿಸಿ ಹೋದ ಮೇಲೆ ಉತ್ತರ ಕೊಡುವವರಿಲ್ಲ. ಯೂಸರ್‌ಗೆ ರೌಂಡ್‌ಕ್ಯೂಬಿನ ರಜೆ ಪುಟ ತೋರಿಸಿಕೊಡಿ. ಅದಕ್ಕೆ ಸ್ಕ್ರಿಪ್ಟ್ ಸೇವ್ ಮಾಡಿಕೊಡುವ ಮ್ಯಾನೇಜ್‌ಸೀವ್ ಸರ್ವಿಸ್ ಪೋರ್ಟ್ 4190ರಲ್ಲಿ ಓಡುತ್ತಿರಬೇಕು. ವೆಬ್‌ಮೇಲ್ ಅದೇ ಯಂತ್ರದಲ್ಲಿದ್ದರೆ ಆ ಪೋರ್ಟನ್ನು ಫೈರ್‌ವಾಲಿನಲ್ಲಿ ಹೊರಗಿನವರಿಗೆ ತೆರೆಯಬೇಕಾಗಿಲ್ಲ.